ಇಲಿಗಳ ಬಟ್ಟಲು ತೊಳೆದದ್ದು

ಇಲಿ ಕಚ್ಚಿದರೆ ಕೈ ಎಳೆದುಕೊಳ್ಳಬಾರದು. ಎಳೆದರೆ ಚರ್ಮ ಹರಿಯುತ್ತದೆ. ಹಿಡಿದುಕೊಂಡೇ ಸುಮ್ಮನಿದ್ದರೆ ಅದು ತಾನಾಗಿ ಬಿಡುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಮೊದಲ ವಾರ ಎರಡು ಸಲ ಕಚ್ಚಿಸಿಕೊಂಡು ಕಲಿತದ್ದು.

ಕಲ್ಕತ್ತೆಯಲ್ಲಿ ದಿನಾ ಕರೆಂಟು ಹೋಗುತ್ತಿದ್ದ ವರ್ಷಗಳು ಅವು, ಎಪ್ಪತ್ತೈದರ ಆಸುಪಾಸು. ಅಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಬಿಳಿ ಇಲಿಗಳ ಕೋಣೆ ಇತ್ತು. ಔಷಧಗಳನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುವ ಒಬ್ಬ ಬಂಗಾಳಿ ಹೆಂಗಸು ಅದನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ದಿದಿ ಎನ್ನುತ್ತಿದ್ದರು, ಅಂದರೆ ಅಕ್ಕ. ನನಗಿಂತ ಸಣ್ಣವರು, ಆದರೂ ನಾನೂ ದಿದಿ ಅಂದೆ. ಅವರು ನನ್ನನ್ನು ಮಾಶಿ ಅಂದರು, ಚಿಕ್ಕಮ್ಮ ಅಂತ.

ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ನನ್ನ ಮೈದುನನ ಇಡ್ಲಿ ಹೋಟೆಲು. ಗಂಡ ತೀರಿಹೋದ ಮೇಲೆ ನಾನು ಅಲ್ಲಿ ಹಿಟ್ಟು ರುಬ್ಬಿಕೊಂಡಿದ್ದೆ. ದಿದಿ ತಿಂಡಿಗೆ ಬರುತ್ತಿದ್ದರು. ಒಂದು ದಿನ ಹಿಂದಿಯಲ್ಲಿ ಕೇಳಿದರು, ನಿನಗೆ ಇಲಿ ಕಂಡರೆ ಹೆದರಿಕೆಯಾ ಅಂತ. ಹೋಟೆಲಿನ ಒಳಗೆ ಕೆಲಸ ಮಾಡುವವಳಿಗೆ ಇಲಿಯ ಹೆದರಿಕೆ ಎಲ್ಲಿಂದ ಬರಬೇಕು ಅಂದೆ. ಮುಂದಿನ ಸೋಮವಾರದಿಂದ ಬಾ ಅಂದರು. ಮೈದುನನಿಗೆ ಅದು ಹಿಡಿಸಲಿಲ್ಲ.

"ಎಂತ ಅತ್ತಿಗೆ, ನಾವಿಲ್ಲಿ ಇಲಿ ಹಿಡಿಲಿಕ್ಕೆ ಬೋನು ಇಡುದು, ನೀವು ಅಲ್ಲಿ ಇಲಿಗೆ ಬಡಿಸ್ಲಿಕ್ಕೆ ಹೋಗುದಾ?"

ಹೋಗುದು ಅಂದೆ. ಸಂಜೆ ಬಂದು ನಲ್ಲಿಯ ಅಡಿ ಮಿಂದೇ ಅಡುಗೆಮನೆಗೆ ಕಾಲಿಡುತ್ತೇನೆ, ನಿನಗೆ ಅಷ್ಟು ಸಾಕಲ್ಲ ಅಂದೆ. 

ಕೆಲಸ ಹೀಗೆ. ಪ್ರತಿ ಸೋಮವಾರ ಬೆಳಿಗ್ಗೆ ಇಪ್ಪತ್ತನಾಲ್ಕು ಹೊಸ ಇಲಿ, ರಾತ್ರಿ ಉಪವಾಸ ಹಾಕಿಯೇ ಕಳಿಸಿದವು. ಒಂದೊಂದಕ್ಕೆ ಒಂದೊಂದು ತಂತಿಯ ಗೂಡು, ಒಂದೊಂದು ಅಲ್ಯುಮಿನಿಯಂ ಬಟ್ಟಲು. ಗೋಡೆ ಪಕ್ಕದ ಹನ್ನೆರಡು ಗೂಡು ನನ್ನದು. ಕಿಟಕಿ ಪಕ್ಕದ ಹನ್ನೆರಡು ಚಾಚಾನದು. ಚಾಚಾ ಅಂದರೆ ಬಿಹಾರದ ಮುದುಕ, ಆ ಕೋಣೆಯಲ್ಲೇ ಮುದುಕನಾದವನು. ಸಂಜೆ ಇಲಿಗಳಿಗೆ ಸ್ವಲ್ಪ ಹಾಕಿ, ಅವು ತಿಂದ ಮೇಲೆ ಬಟ್ಟಲು ತೆಗೆದುಬಿಡುವುದು. ರಾತ್ರಿ ಉಪವಾಸ. ಬೆಳಿಗ್ಗೆ ಇಲಿಯನ್ನು ತೂಗುವುದು. ಆಮೇಲೆ ದಿದಿ ಅದರ ಹೊಟ್ಟೆಗೆ ಸೂಜಿ ಹಾಕುತ್ತಿದ್ದರು. ಬಾಟಲಿ ಎರಡು, ಪ್ರತಿ ಸಾಲಿನಲ್ಲಿ ಆರು ಇಲಿಗೆ ಒಂದರಿಂದ, ಆರಕ್ಕೆ ಇನ್ನೊಂದರಿಂದ. ಒಂದರ ಕುತ್ತಿಗೆಗೆ ಕೆಂಪು ದಾರ, ಒಂದಕ್ಕೆ ಹಳದಿ. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದು ಯಾವುದು ಅಂತ ದಿದಿಗೂ ಗೊತ್ತಿಲ್ಲ, ದೊಡ್ಡ ಡಾಕ್ಟರು ಬರೆದು ಲಕೋಟೆಗೆ ಅಂಟು ಹಾಕಿ ಇಟ್ಟಿದ್ದರು. ಯಾಕೆ ಹಾಗೆ ಅಂತ ಕೇಳಿದೆ. ಗೊತ್ತಿದ್ದರೆ ನನ್ನ ಕಣ್ಣು ನನಗೆ ಬೇಕಾದ್ದನ್ನೇ ನೋಡುತ್ತದೆ ಅಂದರು. ಇಷ್ಟು ಓದಿದವರು ತಮ್ಮ ಕಣ್ಣನ್ನೇ ನಂಬುವುದಿಲ್ಲ ಅನ್ನುವುದು ನನಗೆ ಬಹಳ ದಿನ ತಲೆಯಲ್ಲಿ ಸುತ್ತುತ್ತಿತ್ತು.

ಸೂಜಿ ಹಾಕಿ ಅರ್ಧ ಗಂಟೆ ಬಿಟ್ಟು ಇಲಿಯನ್ನು ಒಂದು ಮರದ ಪೆಟ್ಟಿಗೆಗೆ ಬಿಡುವುದು. ಅಗಲವಾದ ಪೆಟ್ಟಿಗೆ, ಒಳಗೆಲ್ಲ ಬಿಳಿ ಬಣ್ಣ, ಮೇಲೊಂದು ಉರಿಯುವ ಬಲ್ಬು. ನಡುವೆ ಆ ಇಲಿಯದೇ ಬಟ್ಟಲು, ಅದರಲ್ಲಿ ತೂಗಿ ಹಾಕಿದ ಗೋಧಿ ಕಡಲೆ ಹಿಟ್ಟಿನ ಗಟ್ಟಿ ಉಂಡೆ. ದಿದಿ ಗಡಿಯಾರ ಹಿಡಿದು ಹತ್ತು ನಿಮಿಷ ಲೆಕ್ಕ ಹಿಡಿಯುತ್ತಿದ್ದರು. ಮೊದಲ ಸಲ ಬಾಯಿ ಹಾಕಲು ಎಷ್ಟು ಹೊತ್ತು, ಒಟ್ಟು ತಿಂದದ್ದು ಎಷ್ಟು. ಉಳಿದ ಚೂರು ಪುಡಿ ಎಲ್ಲ ಗೋರಿ ನಾನು ತಕ್ಕಡಿಗೆ ಹಾಕಿ ಪುಸ್ತಕದಲ್ಲಿ ಬರೆಯಬೇಕು, ಚಾಚಾ ತನ್ನ ಸಾಲಿನದನ್ನು. ನಾನು ಓದಿದ್ದು ಎರಡನೇ ಕ್ಲಾಸು. ನನಗೆ ಬರುವುದು ಕನ್ನಡದ ಅಂಕಿ ಮಾತ್ರ. ನನಗೆ ಅವರ ಅಂಕಿ ಕಲಿಸುವ ಬದಲು ದಿದಿ ಒಂದು ಮಧ್ಯಾಹ್ನ ಕೂತು ನಮ್ಮ ಹತ್ತು ಅಂಕಿ ಕಲಿತರು.

ಬಾಟಲಿಯ ಮದ್ದು ಅಂದರೆ ಹೆದರಿಕೆಗೆ ಕೊಡುವ ಮಾತ್ರೆಯದೇ. ದೊಡ್ಡ ಮನೆಯ ಹೆಂಗಸರು ಆಗ ನಿದ್ದೆಗೆಂದು ನುಂಗುತ್ತಿದ್ದರು. ನುಂಗಿದವರು ಹೆಚ್ಚು ತಿನ್ನುತ್ತಾರೆ. ದಿದಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ. ಆ ಮದ್ದು ಹಸಿವು ಕೊಡುತ್ತದೆಯೋ, ಇಲ್ಲ ಹೆದರಿಕೆಯನ್ನು ಪಕ್ಕಕ್ಕೆ ಸರಿಸುತ್ತದೆಯೋ.

ಮೊದಲ ದಿನ ಹಳದಿ ದಾರದ ಬಾಟಲಿಯ ಇಲಿಯನ್ನು ಬಿಟ್ಟೆ. ಓಡಿ ಮೂಲೆಗೆ ಸೇರಿತು. ಬೆನ್ನು ಗೋಡೆಗೆ ಒತ್ತಿ ಕೂತದ್ದು, ಮೀಸೆ ಮಾತ್ರ ಅಲುಗುತ್ತಿತ್ತು. ಹತ್ತು ನಿಮಿಷವೂ ಹಾಗೆಯೇ. ಉಂಡೆ ಅಲ್ಲೇ ಇತ್ತು, ಹಸಿವೂ ಇತ್ತು, ಹಿಂದಿನ ಸಂಜೆಯಿಂದ ಖಾಲಿ ಹೊಟ್ಟೆ. ಆಮೇಲೆ ಕೆಂಪು ದಾರದ್ದು. ಅದೂ ಮೂಲೆಗೆ ಹೋಯಿತು. ಆದರೆ ನಿಲ್ಲಲಿಲ್ಲ. ಸ್ವಲ್ಪ ಓಲಾಡಿಕೊಂಡು ತಿರುಗಿ, ಬಲ್ಬಿನ ಕೆಳಗೆ ನಡೆದು ಬಂದು, ಹಿಂಗಾಲ ಮೇಲೆ ಕೂತು ಎರಡೂ ಕೈಯಲ್ಲಿ ಉಂಡೆ ಹಿಡಿದು ತಿನ್ನತೊಡಗಿತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರ ಹಾಗೆ. ಒಂದು ಹನಿ ನೀರಿನಂಥ ಮದ್ದು. ಪೆಟ್ಟಿಗೆ ಅದೇ, ಬಲ್ಬು ಅದೇ, ಇಲಿಯೂ ಅದೇ ಜಾತಿಯದು. ನಾನು ತಕ್ಕಡಿ ಹಿಡಿದುಕೊಂಡು ನಿಂತೇ ಇದ್ದೆ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ಜೀವದ ಒಳಗೆ ಎಲ್ಲೋ ಒಂದು ಅಗುಳಿ ಸರಿಯಿತು, ಅದನ್ನು ನಾನು ಕಣ್ಣಾರೆ ಕಂಡೆ.

ಒಂದು ನಿಯಮ ದಿದಿ ಮೊದಲೇ ಹೇಳಿದ್ದರು. ಸೋಮವಾರದಿಂದ ಶನಿವಾರದವರೆಗೆ ಬಟ್ಟಲು ತೊಳೆಯಬಾರದು. ಉಳಿದದ್ದನ್ನು ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಉಂಡೆ ಹಾಕಬೇಕು. ಇಲಿಗೆ ತನ್ನ ಬಟ್ಟಲು ರೂಢಿಯಾಗಬೇಕು ಅಂತ. ನಾನು ಹೂಂ ಅಂದೆ.

ತಲೆ ಹೂಂ ಅಂದಿತು, ಕೈ ಅನ್ನಲಿಲ್ಲ. ಒಂದು ಜೀವ ಬಾಯಿ ಹಾಕಿದ ಪಾತ್ರೆಗೆ ತೊಳೆಯದೆ ಮತ್ತೆ ಬಡಿಸುವುದು ನನ್ನಿಂದ ಆಗುವ ಕೆಲಸವಲ್ಲ. ನಮ್ಮಲ್ಲಿ ಉಂಡು ಎದ್ದ ನೆಲವನ್ನೇ ಸೆಗಣಿ ಹಾಕಿ ಬಳಿಯುತ್ತಾರೆ. ಎಂಜಲಿನ ಮೇಲೆ ಅನ್ನ ಹಾಕಿದರೆ ಬಡಿಸಿದವಳಿಗೆ ಪಾಪ. ಇಲಿಯಾದರೇನು, ಬಡಿಸುವ ಕೈ ನನ್ನದಲ್ಲವಾ. ಹೋಟೆಲಿನ ಇದ್ದಿಲ ಒಲೆಯ ಬೂದಿ, ಸಾರಿಗೆ ಹಿಂಡಿ ಉಳಿದ ಹುಣಸೆಯ ನಾರು, ಎರಡನ್ನೂ ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದೆ. ಸಂಜೆ ದಿದಿ ಹೊರಟ ಮೇಲೆ ನನ್ನ ಹನ್ನೆರಡು ಬಟ್ಟಲನ್ನೂ ತಿಕ್ಕಿ ತೊಳೆದು ಕವುಚಿ ಇಡುತ್ತಿದ್ದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಚಾಚಾ ಅದನ್ನು ನೋಡಿ ನಗುತ್ತಿದ್ದ. ನಿನ್ನ ಇಲಿಗಳು ಬ್ರಾಹ್ಮಣರು, ನನ್ನವು ಬಿಹಾರಿಗಳು, ನಿನ್ನವುಗಳ ಜನಿವಾರ ಎಲ್ಲಿ ತೋರಿಸು ಅನ್ನುತ್ತಿದ್ದ. ಅವನಿಗೂ ಇದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ, ದಿದಿಯ ಕಿವಿಗೆ ಹಾಕಲಿಲ್ಲ.

ನಾಲ್ಕು ವಾರ ಕಳೆಯಿತು. ದಿದಿಯ ಮುಖ ಸಣ್ಣದಾಗತೊಡಗಿತು. ನನ್ನ ಸಾಲು ಒಂದು ಹೇಳುತ್ತಿತ್ತು, ಚಾಚಾನ ಸಾಲು ಇನ್ನೊಂದು. ಸೋಮವಾರ ಎರಡೂ ಸಾಲು ಒಂದೇ ಥರ. ಬುಧವಾರ ಬರುವಾಗ ಚಾಚಾನ ಹಳದಿ ಇಲಿಗಳು ಪೆಟ್ಟಿಗೆಗೆ ಹೊಂದಿಕೊಂಡು ಕೆಂಪಿನವುಗಳಷ್ಟೇ ತಿನ್ನುತ್ತಿದ್ದವು, ಹೆಚ್ಚು ಅಂದರೆ ಚೂರು ಕಡಿಮೆ. ನನ್ನ ಹಳದಿ ಇಲಿಗಳು ಶನಿವಾರದವರೆಗೂ ಮೂಲೆಯಲ್ಲೇ. ಕೆಂಪಿನವು ಮಾತ್ರ ಬಂದು ತಿನ್ನುತ್ತಿದ್ದವು. ಒಂದೇ ಕೋಣೆ, ಒಂದೇ ಮದ್ದು, ಸೂಜಿ ಹಾಕುವ ಕೈಯೂ ಒಂದೇ. ದಿದಿ ತಕ್ಕಡಿ ಬದಲಾಯಿಸಿದರು, ಗೂಡುಗಳನ್ನು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಸರಿಸಿದರು. ಏನೂ ಬದಲಾಗಲಿಲ್ಲ. ಇಲಿಗಳು ಎಲ್ಲಿಗೆ ಹೋದರೂ ನನ್ನವು ನನ್ನವೇ, ಅವನವು ಅವನವೇ.

ಆರನೇ ವಾರ, ಮಂಗಳವಾರ ಬೆಳಿಗ್ಗೆ, ದೊಡ್ಡ ಡಾಕ್ಟರು ಬಂದು ಪುಸ್ತಕ ತಿರುವಿದರು. ಇಬ್ಬರಲ್ಲಿ ಒಬ್ಬರು ಸುಳ್ಳು ಬರೆಯುತ್ತಿದ್ದಾರೆ ಅಂದರು. ಮದ್ದು ಕೆಲಸ ಮಾಡುವುದು ನನ್ನ ಸಾಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತಲ್ಲ, ಹಾಗಾಗಿ ಸುಳ್ಳು ಚಾಚಾನದು ಅಂತ ತೀರ್ಮಾನವಾಯಿತು. ಮುದುಕ, ಮಧ್ಯಾಹ್ನ ತೂಕಡಿಸುತ್ತಾನೆ, ತೂಗದೆ ಅಂದಾಜಿಗೆ ಬರೆಯುತ್ತಾನೆ. ಮುಂದಿನ ಸೋಮವಾರದಿಂದ ಅವನನ್ನು ಹೆಣ ಕೊಯ್ಯುವ ಕೋಣೆಗೆ ಹಾಕುವುದು ಅಂದರು. ಚಾಚಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ.  ಒಂದು ಗೂಡಿನ ನೀರಿನ ಬಾಟಲಿ ಸೋರುತ್ತಿತ್ತು, ಹೋಗಿ ಅದನ್ನು ಸರಿ ಮಾಡಿದ.

ಅದೇ ಮಂಗಳವಾರ ಮಧ್ಯಾಹ್ನ ಕರೆಂಟು ಹೋದದ್ದು ಸಂಜೆಯಾದರೂ ಬರಲಿಲ್ಲ. ಪಂಪು ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಇದ್ದ ಒಂದು ಬಾಲ್ದಿ ಇಲಿಗಳಿಗೆ ಕುಡಿಯಲು ಬೇಕು. ಬಟ್ಟಲು ತೊಳೆಯಲು ಆಗಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿಟ್ಟು, ನನ್ನ ಕೈ ನನಗೇ ಅಸಹ್ಯವಾಗಿ ಮನೆಗೆ ಹೋದೆ. ಕರೆಂಟು ಬಂದದ್ದು ರಾತ್ರಿ. ಬುಧವಾರ ಬೆಳಿಗ್ಗೆ ನನ್ನ ಮೊದಲ ಹಳದಿ ಇಲಿಯನ್ನು ಪೆಟ್ಟಿಗೆಗೆ ಬಿಟ್ಟಾಗ ಅದು ಒಂದು ಸುತ್ತು ಮೂಸಿ ನೆಟ್ಟಗೆ ಬಟ್ಟಲಿಗೆ ಬಂತು. ಎರಡನೆಯದೂ ಬಂತು. ಮೂರನೆಯದೂ. ದಿದಿ ಗಡಿಯಾರ ನೋಡುತ್ತಿದ್ದರು, ನಾನು ಬಟ್ಟಲು ನೋಡುತ್ತಿದ್ದೆ. ಹೊಳಪಿಲ್ಲದ, ಅಂಚಿಗೆ ಪುಡಿ ಮೆತ್ತಿದ ಬಟ್ಟಲು. ಇಲಿ ಅದರ ಅಂಚನ್ನು ಮೂಸಿ ಮೂಸಿ ಆಮೇಲೆ ಉಂಡೆ ಎತ್ತುತ್ತಿತ್ತು.

ನಂಬಿಕೆ ಬರಲಿಲ್ಲ. ಒಂದು ದಿನದ್ದನ್ನು ನಂಬಬಾರದು ಅಂತ ದಿದಿಯಿಂದಲೇ ಕಲಿತಿದ್ದೆ. ಬುಧವಾರ ಸಂಜೆ ನೀರು ಬಂದಿತ್ತು. ನನ್ನ ಆರು ಹಳದಿ ಇಲಿಗಳ ಬಟ್ಟಲುಗಳಲ್ಲಿ ಮೂರನ್ನು ತೊಳೆದೆ, ಮೂರನ್ನು ಒರೆಸಿ ಬಿಟ್ಟೆ. ಗುರುವಾರ ಬೆಳಿಗ್ಗೆ ತೊಳೆದ ಮೂರೂ ಮೂಲೆ ಸೇರಿದವು. ತೊಳೆಯದ ಮೂರೂ ತಿಂದವು. ಸಂಜೆ ಅದಲು ಬದಲು ಮಾಡಿದೆ. ಬೆಳಿಗ್ಗೆ ತಿಂದ ಮೂರರ ಬಟ್ಟಲನ್ನು ತಿಕ್ಕಿ ತೊಳೆದೆ, ಉಳಿದದ್ದನ್ನು ಬಿಟ್ಟೆ. ಶುಕ್ರವಾರ ನಿನ್ನೆ ತಿಂದವು ಮೂಲೆಗೆ ಹೋದವು. ನಿನ್ನೆ ಕೂತವುಗಳಲ್ಲಿ ಎರಡು ಬಂದು ತಿಂದವು, ಒಂದು ಬರಲಿಲ್ಲ.

ಪೊಟ್ಟಣದಲ್ಲಿ ಒಂದು ಹಿಡಿ ಬೂದಿ ಇತ್ತು. ಇಷ್ಟು ಬೂದಿ ಒಂದು ಪ್ರಾಣಿಯನ್ನು ಅದರ ಊಟದಿಂದ ದೂರ ನಿಲ್ಲಿಸುತ್ತದೆ, ಒಂದು ಹನಿ ಮದ್ದು ಮತ್ತೆ ಹತ್ತಿರ ತರುತ್ತದೆ. ನಾನು ಗುಡಿಗಳನ್ನು ನೋಡಿದವಳು, ಕಾಳಿಘಾಟಿಗೆ ಹೋಗಿ ಕೈ ಮುಗಿದವಳು. ಎಲ್ಲಿಯೂ ನನಗೆ ಮೈ ಹಾಗೆ ಜುಮ್ಮೆನ್ನಲಿಲ್ಲ.

 ಸುಳ್ಳು ಬರೆದದ್ದು ಯಾರೂ ಅಲ್ಲ, ಕೆಲಸ ಕೆಡಿಸಿದವಳು ನಾನು. ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ. ಮತ್ತೆ ಮೈದುನನ ರುಬ್ಬುವ ಕಲ್ಲು. ಹೇಳದಿದ್ದರೆ ಸೋಮವಾರ ಚಾಚಾ ಹೆಣದ ಕೋಣೆಗೆ.

ಸಂಜೆ ಮೈದುನನಿಗೆ ಹೇಳಿದೆ. ಅವನು ಚಟ್ನಿಗೆ ತೆಂಗಿನಕಾಯಿ ತುರಿಯುತ್ತಿದ್ದ.

"ಬಾಯಿ ಮುಚ್ಚಿಕೊಂಡಿರಿ ಅತ್ತಿಗೆ. ತೊಳೆದದ್ದು ಒಂದು ತಪ್ಪಾ? ಯಾರಾದ್ರೂ ಕೇಳಿದ್ರೆ ನಗ್ತಾರೆ." ಸ್ವಲ್ಪ ಹೊತ್ತು ತುರಿದು ಮತ್ತೆ ಅಂದ, "ಇಲಿಗೆ ಎಂತ ಹೇಳುದು, ನೀವು ಊರಿಂದ ಬಂದ ಹೊಸತಲ್ಲಿ ಏನು ಮಾಡಿದ್ದು? ಎಂಟು ದಿನ ಉಣ್ಣಲಿಲ್ಲ. ಹಸಿವಿಲ್ಲ ಹಸಿವಿಲ್ಲ ಅಂತ ಅಣ್ಣ ಟಾನಿಕ್ಕು ತಂದ. ಕಡೆಗೆ ಪೆಟ್ಟಿಗೆಯಿಂದ ನಿಮ್ಮ ಊರಿನ ಹರಿವಾಣ ತೆಗೆದುಕೊಟ್ಟ ಮೇಲೆ ಅಲ್ವಾ ಗಂಟಲಲ್ಲಿ ಇಳಿದದ್ದು?"

ನನಗೆ ಅದು ಮರೆತೇಹೋಗಿತ್ತು. ಅಂಚು ಸೊಟ್ಟಗಾದ ಹಿತ್ತಾಳೆಯ ಹರಿವಾಣ, ಅಮ್ಮನ ಮನೆಯದು. ಆ ಎಂಟು ದಿನ ನನಗೆ ನಿಜವಾಗಿ ಹಸಿವಿಲ್ಲ ಅಂತಲೇ ನಾನೂ ನಂಬಿದ್ದೆ. ಹಸಿವು ಒಳಗೇ ಇತ್ತು, ಅದರ ಮುಂದೆ ಹೆದರಿಕೆ ಅಡ್ಡ ಕೂತಿತ್ತು. ಇಪ್ಪತ್ತು ವರ್ಷದ ಮೇಲೆ ಇಲಿಗಳು ಅದನ್ನು ನನಗೆ ತೋರಿಸಿಕೊಡಬೇಕಾಯಿತು. ನಾಳೆ ಹೇಳಿಬಿಡುತ್ತೇನೆ ಅಂದೆ. ಅವನು ತುರಿಯುವುದು ನಿಲ್ಲಿಸಲಿಲ್ಲ.

ಶನಿವಾರ ಕೆಲಸ ಮುಗಿಸಿ, ಚಾಚಾ ಗೂಡುಗಳ ಹೊಟ್ಟು ತೆಗೆಯುತ್ತಿದ್ದಾಗ, ದಿದಿಯ ಮೇಜಿನ ಮೇಲೆ ಬೂದಿಯ ಪೊಟ್ಟಣ ಬಿಚ್ಚಿಟ್ಟು ಎಲ್ಲ ಹೇಳಿದೆ. ಮೊದಲ ದಿನದಿಂದ ತೊಳೆದದ್ದು, ನೀರಿಲ್ಲದ ದಿನ ಆದದ್ದು, ಮೂರು ಮೂರು ಮಾಡಿ ನೋಡಿದ್ದು. ಪುಸ್ತಕದಲ್ಲಿ ಆ ಎರಡು ದಿನದ ಅಂಕಿಗಳ ಪಕ್ಕ ತೊಳೆದದ್ದಕ್ಕೆ ಒಂದು ಗೀಟು ಹಾಕಿದ್ದೆ, ಅದನ್ನೂ ತೋರಿಸಿದೆ. ದಿದಿ ಬೈಯಲಿಲ್ಲ. ಒಂದು ತೊಳೆದ ಬಟ್ಟಲು ತರಿಸಿ ಮೂಗಿಗೆ ಹಿಡಿದರು. ಆಮೇಲೆ ತೊಳೆಯದ್ದನ್ನು. ಮತ್ತೆ ತೊಳೆದದ್ದನ್ನು. ಇಲಿಗೆ ಅಲ್ಲಿ ತನ್ನದೇ ವಾಸನೆ ಸಿಗುತ್ತದೆ, ನಮ್ಮ ಮೂಗಿಗೆ ಏನೂ ಸಿಗುವುದಿಲ್ಲ.

"ಮಾಶಿ," ಅಂದರು, "ನನ್ನ ಆರು ವಾರವನ್ನು ನೀನು ಬೂದಿ ಹಾಕಿ ತೊಳೆದೆ."

ಹೌದು ಅಂದೆ.  ಚಾಚಾನ ತೂಕ ಎಲ್ಲ ಸರಿ ಇದೆ, ಅವನನ್ನು ಕಳಿಸಬೇಡಿ, ನಾನು ಹೋಗುತ್ತೇನೆ ಅಂದೆ. ದಿದಿ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪುಸ್ತಕದಲ್ಲಿ ನನ್ನ ಗೀಟುಗಳ ಮೇಲೆ ಬೆರಳಿಟ್ಟು ಕೂತಿದ್ದರು.

ದೊಡ್ಡ ಡಾಕ್ಟರು ನನ್ನನ್ನು ಆ ದಿನವೇ ಕಳಿಸಬೇಕು ಅಂದರು. ದಿದಿ ದುರ್ಗಾಪೂಜೆಯ ರಜೆಯವರೆಗೆ ಸಮಯ ಕೇಳಿದರು, ಮೂರು ವಾರ. ಅಷ್ಟರಲ್ಲಿ ಎಲ್ಲವನ್ನೂ ಹೊಸತಾಗಿ ಮಾಡುತ್ತೇನೆ, ಸ್ಪಷ್ಟವಾಗದಿದ್ದರೆ ಮೂವರೂ ಕೋಣೆ ಬಿಡುತ್ತೇವೆ ಅಂದರಂತೆ. ಸೋಮವಾರ ಹೊಸ ನಿಯಮ ಬಂತು. ಎರಡೂ ಸಾಲಿನಲ್ಲಿ ಅರ್ಧ ಬಟ್ಟಲು ದಿನಾ ಬೂದಿ ಹುಣಸೆ ಹಾಕಿ ತೊಳೆಯುವುದು, ಅರ್ಧ ಒರೆಸುವುದು. ಕೆಂಪು ಹಳದಿ ಎರಡರಲ್ಲೂ. ಒಂದು ವಾರ ನಾನು ತೊಳೆದೆ, ಮುಂದಿನ ವಾರ ಚಾಚಾ ತೊಳೆಯಬೇಕು, ನನ್ನ ಕೈಯದೇ ಏನೋ ಇದೆಯಾ ಅಂತ ನೋಡಲು. ಚಾಚಾ ಕುಕ್ಕರಗಾಲಲ್ಲಿ ಕೂತು ಗೊಣಗಿದ, ದಕ್ಷಿಣದವರೆಲ್ಲ ಅವನಿಗೆ ಮದ್ರಾಸಿಗಳೇ.

"ಮದ್ರಾಸಿನ್, ಈ ವಯಸ್ಸಿಗೆ ನನ್ನನ್ನು ನಿಮ್ಮ ಮನೆಯ ಸೊಸೆ ಮಾಡಿಬಿಟ್ಟೆ."

ಸೊಸೆ ಆದರೆ ತಳ ಕೂಡ ತಿಕ್ಕಬೇಕು ಅಂದೆ. ತಿಕ್ಕಿದ.

ಆ ಎರಡು ವಾರ ನನ್ನ ತೊಳೆಯದ ಬಟ್ಟಲುಗಳ ಮೇಲೆ ಉಂಡೆ ಹಾಕುವಾಗ ಪ್ರತಿ ಸಲ ಕೈ ಹಿಂಜರಿಯುತ್ತಿತ್ತು. ಹಾಕಿದೆ. ಯಾರ ಕೈ ತೊಳೆದರೂ ಇಲಿಗಳು ಅದನ್ನೇ ಹೇಳಿದವು. ತೊಳೆಯದ ಬಟ್ಟಲಿನಲ್ಲಿ ಎರಡು ದಿನ ಕಳೆದ ಮೇಲೆ ಕೆಂಪೂ ತಿಂದಿತು, ಹಳದಿಯೂ ತಿಂದಿತು, ಕೆಂಪು ಚೂರು ಹೆಚ್ಚು. ತೊಳೆದ ಬಟ್ಟಲಿನಲ್ಲಿ ಕೆಂಪು ತಿಂದಿತು, ಹಳದಿ ಮೂಲೆಯಲ್ಲಿ ಕೂತಿತು. ದೊಡ್ಡ ಡಾಕ್ಟರು ಲಕೋಟೆ ಒಡೆದರು. ಕೆಂಪೇ ಮದ್ದು. ಹಸಿವನ್ನು ಸ್ವಲ್ಪ ಕೊಡುತ್ತದೆ, ಆದರೆ ಮುಖ್ಯವಾಗಿ ಹೆದರಿಕೆಯನ್ನು ಸರಿಸುತ್ತದೆ, ನಮ್ಮ ಇಲಿಗಳು ಹೇಳುವುದು ಇಷ್ಟು ಅಂತ ದಿದಿ ನನ್ನನ್ನೂ ಚಾಚಾನನ್ನೂ ಕೂರಿಸಿಕೊಂಡು ಹೇಳಿದರು. ಹೆದರಿಕೆ ಇಲ್ಲದ ಕಡೆ ಮದ್ದಿಗೆ ಹೆಚ್ಚು ಕೆಲಸವೇ ಇಲ್ಲ. ಚಾಚಾನ ಸಾಲಿನಲ್ಲಿ ಅದು ಕಾಣದೇ ಇದ್ದದ್ದು ಅದಕ್ಕೆ. ದೊಡ್ಡ ಡಾಕ್ಟರು ನನ್ನನ್ನು ಕಳಿಸುವ ಮಾತು ಮತ್ತೆ ಎತ್ತಲಿಲ್ಲ, ಇರು ಅಂತಲೂ ಬಾಯಿಬಿಟ್ಟು ಹೇಳಲಿಲ್ಲ. ಚಾಚಾ ಕಿಟಕಿ ಪಕ್ಕದಲ್ಲೇ ಉಳಿದ.

ವಾರ ಮುಗಿದ ಇಲಿಗಳನ್ನು ಶನಿವಾರ ಸಂಜೆ ಉಸಿರು ನಿಲ್ಲಿಸಲು ಈಥರಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ಮೊದಮೊದಲು ಆ ಹೊತ್ತಿಗೆ ನಾನು ಹೊರಗೆ ಹೋಗುತ್ತಿದ್ದೆ. ಆಮೇಲೆ ಹೋಗಲಿಲ್ಲ. ದಿನಾ ತೂಗಿದವಳು ಕಡೆಯ ದಿನ ಮಾತ್ರ ಬೆನ್ನು ಹಾಕುವುದು ಸರಿ ಕಾಣಲಿಲ್ಲ.

ಕೇಳಿಕೊಂಡ ಮೂರು ವಾರದಲ್ಲಿ ಕಡೆಯದು, ಆಗಲೂ ಪರೀಕ್ಷೆ ನಿಲ್ಲಿಸಿರಲಿಲ್ಲ. ಗುರುವಾರ. ಬೀದಿಯಲ್ಲಿ ಪೂಜೆಯ ಬಿದಿರು ಕಟ್ಟುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ಹಳದಿ ಇಲಿ, ತೊಳೆದ ಬಟ್ಟಲಿನದು. ಮೂರು ದಿನದಿಂದ ಮೂಲೆ ಬಿಟ್ಟಿರಲಿಲ್ಲ. ಏಳು ನಿಮಿಷ ಆಗಿರಬಹುದು. ಅದು ಒಂದು ಹೆಜ್ಜೆ ಇಟ್ಟಿತು, ನಿಂತಿತು, ಹಿಂದೆ ಹೋಯಿತು. ಮತ್ತೆ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿ, ಮೈಯೆಲ್ಲ ನಡುಗಿಕೊಂಡು, ಬಲ್ಬಿನ ಕೆಳಗೆ ಬಂದು ಉಂಡೆಯ ಒಂದು ಮೂಲೆ ಮುರಿದು ಅಲ್ಲೇ ತಿಂದಿತು. ದಿದಿ ಗಡಿಯಾರ ನೋಡುವುದನ್ನು ಬಿಟ್ಟು ಇಲಿಯನ್ನೇ ನೋಡುತ್ತಿದ್ದರು. ಚಾಚಾ ಕೂಡ ಬಂದು ನಿಂತ. ಅದಕ್ಕೆ ಕೊಟ್ಟದ್ದು ಬರೀ ಉಪ್ಪುನೀರು. ಅದರ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಮೀಸೆಯಿಂದ ಬಾಲದವರೆಗೆ ಕಾಣುತ್ತಿತ್ತು. ಹೆದರಿಕೊಂಡೇ ತಿಂದಿತು.

ಉಳಿದದ್ದನ್ನು ಗೋರಿ ತೂಗಿದೆ. ತಿಂದದ್ದು ಅರ್ಧ ಗ್ರಾಂ ಕೂಡ ಇರಲಿಲ್ಲ. ಬರೆದೆ.

ಸಂಜೆ ಆ ಬಟ್ಟಲನ್ನೂ ಬೂದಿ ಹುಣಸೆ ಹಾಕಿ ಚೆನ್ನಾಗಿ ತಿಕ್ಕಿ ತೊಳೆದು ಕವುಚಿ ಇಟ್ಟೆ. ಮರುದಿನವೂ ಬರುತ್ತದೆಯೋ ನೋಡಬೇಕಿತ್ತು.